ಅಡ್ಡ ಮಲಗಿದ ಎಂಟು ಮತ್ತು ಬಂದೂಕಿನ ದುರ್ಬೀನು

ಕೆಲವರಿಗೆ ಚಹಾದ ಚಟ, ಕೆಲವರಿಗೆ ಎಲೆ-ಅಡಿಕೆಯ ಚಟ. ನನಗಿರುವುದು ಪೂಜೆಯ ಚಟ. ಇದನ್ನು ಭಕ್ತಿ ಎಂದು ಹೇಳಿಕೊಂಡು ನಾನು ದೊಡ್ಡವಳಾಗಲಾರೆ. ಭಕ್ತಿ ಇರುವವರು ಕಣ್ಣು ಮುಚ್ಚಿ ಕೂಡುತ್ತಾರೆ. ನಾನು ಕಣ್ಣು ತೆರೆದುಕೊಂಡು, ಇನ್ನು ಯಾವುದಕ್ಕೆ ಕುಂಕುಮ ಹಚ್ಚುವುದು ಉಳಿದಿದೆ ಎಂದು ಮನೆಯೆಲ್ಲ ಹುಡುಕುತ್ತೇನೆ. ಫ್ರಿಜ್ಜಿನ ಬಾಗಿಲು, ಮಿಕ್ಸರು, ನೀರಿನ ಮೋಟರು, ಮಗನ ಗಾಡಿ, ಎಲ್ಲದರ ಹಣೆಯ ಮೇಲೂ ನನ್ನ ಬೆರಳಿನ ವಿಭೂತಿ ಇದೆ. ಒಮ್ಮೆ ಟೀವಿಯ ರಿಮೋಟಿಗೂ ಹಚ್ಚಿದ್ದೆ. ವಿಭೂತಿ ಗುಂಡಿಗಳ ಸಂದಿಗೆ ಇಳಿದು ಎಂಟು ದಿನ ನಮ್ಮ ಮನೆಯಲ್ಲಿ ಬೇಸಾಯದ ವಾಹಿನಿಯೊಂದೇ ಬರುತ್ತಿತ್ತು. ನಮ್ಮದು ನೇಕಾರರ ಮನೆ, ಒಂದು ಗುಂಟೆ ಹೊಲವಿಲ್ಲ. ಆದರೂ ಕಬ್ಬಿನ ಬೇರಿಗೆ ಬೀಳುವ ಗೊಣ್ಣೆಹುಳುವಿನ ಬಗ್ಗೆ ನೀವು ಏನು ಕೇಳಿದರೂ ಈಗ ನಾನು ಹೇಳಬಲ್ಲೆ.

ನಾನು ಕಲಿತದ್ದು ಮೂರನೆಯ ಇಯತ್ತೆ. ಆಮೇಲೆ ಬನಹಟ್ಟಿಯಲ್ಲಿ ಕಂಡಿಕೆ ಸುತ್ತುತ್ತ, ಅಂದರೆ ಲಾಳಿಯೊಳಗೆ ಕೂಡುವ ಸಣ್ಣ ಕೊಳವೆಗೆ ನೂಲು ಸುತ್ತುತ್ತ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದೆ. ಮಗ ಮಹಾದೇವ ಈಗ ನಾಲ್ಕು ಪವರ್‌ಲೂಮ್ ಓಡಿಸುತ್ತಾನೆ. ಅವನ ಮಗಳು ಪಲ್ಲವಿ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಆ ವಯಸ್ಸಿನ ಹುಡುಗಿಯರು ಹೊಲಿಗೆ ಕಲಿಯುತ್ತಾರೆ, ಕಂಪ್ಯೂಟರ್ ಕಲಿಯುತ್ತಾರೆ. ನಮ್ಮವಳು ಬಂದೂಕು ಕಲಿಯಲು ಹೋದಳು. ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರೊಬ್ಬರು ಊರಲ್ಲಿದ್ದಾರೆ. ಮಗ್ಗಗಳನ್ನು ಮಾರಿದ ಮೇಲೆ ಖಾಲಿ ಬಿದ್ದಿದ್ದ ಒಂದು ಉದ್ದನೆಯ ಶೆಡ್ಡಿನಲ್ಲಿ ಅವರು ಮಕ್ಕಳಿಗೆ ಗಾಳಿಬಂದೂಕು ಹೊಡೆಯುವುದನ್ನು ಕಲಿಸುತ್ತಾರೆ. ಊರಿಗೆಲ್ಲ ಅವರು ಸುಬೇದಾರ ಮಾಸ್ತರು. ಅವರ ಹತ್ತಿರ ದುರ್ಬೀನು ಕೂಡಿಸಿದ ಬಂದೂಕು ಒಂದೇ ಒಂದು. ಅದನ್ನು ಪಲ್ಲವಿಯ ಕೈಗೆ ಕೊಟ್ಟು, ದೀಪಾವಳಿ ಕಳೆದ ಮೇಲೆ ಮುಧೋಳದಲ್ಲಿ ನಡೆಯುವ ಪಂದ್ಯದಲ್ಲಿ ಮೊದಲ ಮೂವರೊಳಗೆ ಬಂದರೆ ಬಂದೂಕು ನಿನ್ನ ಹತ್ತಿರವೇ ಇರಲಿ, ಬರದಿದ್ದರೆ ಸರದಿ ಬೇರೆಯವರದು ಎಂದಿದ್ದರು. ಹುಡುಗಿ ಅದನ್ನು ಹೊದಿಕೆಯಲ್ಲಿ ಸುತ್ತಿ ಮನೆಗೆ ತಂದ ದಿನ ನನಗೇನೋ ಸೊಸೆಯೊಬ್ಬಳು ಮನೆ ತುಂಬಿದಂತಾಯಿತು.

ಮನೆ ತುಂಬಿದವಳಿಗೆ ಕುಂಕುಮ ಹಚ್ಚದೆ ಬಿಡುತ್ತಾರೆಯೇ? ಮಹಾನವಮಿಯ ಖಂಡೇಪೂಜೆಗೆ ಲಾಳಿ, ಕತ್ತರಿ, ನಟ್ಟು ಬಿಗಿಯುವ ಪಾನಾ, ಈಳಿಗೆ ಎಲ್ಲವನ್ನೂ ಕಂಬಳಿಯ ಮೇಲೆ ಸಾಲಾಗಿ ಇಟ್ಟು, ನಡುವೆ ಬಂದೂಕನ್ನು ಕೂಡಿಸಿದೆ. ಪಲ್ಲವಿ ಹೊರಗೆ ರಂಗೋಲಿ ಹಾಕುತ್ತಿದ್ದಳು. ದುರ್ಬೀನಿನ ಗಾಜಿಗೆ ವಿಭೂತಿ ಹಚ್ಚಬಾರದು ಎಂದು ನನಗೆ ತಿಳಿದಿತ್ತು; ರಿಮೋಟು ಅಷ್ಟು ಕಲಿಸಿತ್ತು. ಆದರೆ ದುರ್ಬೀನಿನ ಮುಂದಿನ ತುದಿಯಲ್ಲಿ ಒಂದು ಬಳೆ ಕಂಡಿತು. ಬಳೆಯ ಸುತ್ತ ಹತ್ತು, ಹದಿನೈದು, ಇಪ್ಪತ್ತು, ಮೂವತ್ತು ಎಂದು ಅಂಕಿಗಳು. ಕೊನೆಯಲ್ಲಿ, ಪಕ್ಕಕ್ಕೆ ತಿರುಗಿದ ಜಾಗದಲ್ಲಿ, ಇಂಗ್ಲಿಷಿನ ಎಂಟನ್ನು ಅಡ್ಡ ಮಲಗಿಸಿದಂಥ ಒಂದು ಗುರುತು. ನಾನು ಅದನ್ನು ಎಂಟು ಎಂದು ನೋಡಲಿಲ್ಲ. ಬೀರದೇವರ ಮುಖಕ್ಕೆ ಬೆಳ್ಳಿಯ ಕಣ್ಣು ಹಚ್ಚಿರುತ್ತಾರಲ್ಲ, ಜೋಡುಕಣ್ಣು, ಥೇಟ್ ಅದೇ. ಬಂದೂಕು ಮಾಡಿದವನಿಗೂ ದೇವರ ಮೇಲೆ ನಂಬಿಕೆ ಇದೆ ಎಂದು ಸಂತೋಷವಾಯಿತು. ಆದರೆ ಪೂಜೆಗೆ ಕೂತ ದೇವರು ಗೋಡೆಗೆ ಮುಖ ಮಾಡಿದರೆ ಹೇಗೆ? ಬಳೆಯನ್ನು ಮೆಲ್ಲಗೆ ತಿರುವಿ ಕಣ್ಣುಗಳನ್ನು ನಟ್ಟನಡುವೆ ತಂದೆ. ಎರಡು ಕಣ್ಣಿಗೂ ಒಂದೊಂದು ಬೊಟ್ಟು ಕುಂಕುಮ ಇಟ್ಟು, ಆರತಿ ಬೆಳಗಿ, ಹುಡುಗಿಯ ಗುರಿ ತಪ್ಪದಿರಲಿ ಎಂದು ಬೇಡಿಕೊಂಡೆ. ಮರುದಿನ ಕುಂಕುಮ ಒರೆಸಿ ಬಂದೂಕನ್ನು ಅವಳಿಗೆ ಕೊಟ್ಟೆ. ಕಣ್ಣು ಮಾತ್ರ ಇದ್ದಲ್ಲೇ ಇತ್ತು.

ಅವತ್ತಿನಿಂದ ಪಲ್ಲವಿಯ ಛರ್ರೆಗಳು, ಅಂದರೆ ಗಾಳಿಬಂದೂಕಿನ ಸಣ್ಣ ಗುಂಡುಗಳು, ದಿಕ್ಕಾಪಾಲಾದವು. ಮೊದಲು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಐದು ತೂತು ಬೀಳುತ್ತಿದ್ದವು. ಈಗ ಗುರಿಯ ಹಲಗೆ ನೋಡಿದರೆ ಸಾಸಿವೆ ಚೆಲ್ಲಿದ ಹಾಗೆ. ದುರ್ಬೀನಿನಲ್ಲಿ ಹಲಗೆ ಮಬ್ಬಾಗಿ ಕಾಣುತ್ತದೆ ಎಂದು ಅವಳು ಹಿಂದಿನ ಬಳೆಯನ್ನು ತಿರುವಿಕೊಂಡಳು. ಕಣ್ಣಿಡುವ ಕಡೆಯ ಆ ಬಳೆಯನ್ನು ನಿನ್ನ ಕಣ್ಣಿಗೆ ತಕ್ಕಂತೆ ಇಟ್ಟುಕೋ, ಮುಂದಿನದನ್ನು ನಾನು ಕೂಡಿಸಿದ್ದೇನೆ, ಅದನ್ನು ಮುಟ್ಟಬೇಡ ಎಂದು ಮಾಸ್ತರು ಹೇಳಿದ್ದರಂತೆ. ಹಿರಿಯರ ಮಾತು ಮೀರದ ಹುಡುಗಿ, ಮುಟ್ಟಲಿಲ್ಲ. ಮೀರಿದವಳು ಮನೆಯಲ್ಲಿಯೇ ಇದ್ದಾಳೆ ಎಂದು ಅವಳಿಗೇನು ಗೊತ್ತು? ಹಿಂದಿನ ಬಳೆ ತಿರುವಿದ ಮೇಲೆ ಹಲಗೆಯೇನೋ ತಕ್ಕಮಟ್ಟಿಗೆ ಕಂಡಿತು, ಆದರೆ ಗುರಿ ಹಿಡಿಯಲೆಂದು ಒಳಗಿರುವ ಪ್ಲಸ್ ಗೆರೆ ಹಗ್ಗದಷ್ಟು ದಪ್ಪವಾಯಿತು. ಮಾಸ್ತರನ್ನು ಕೇಳೋಣವೆಂದರೆ ಅವರು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಮಿರಜಿಗೆ ಹೋಗಿದ್ದರು. ಬಾಣಂತಿಯ ಮನೆಗೆ ಫೋನು ಹಚ್ಚಿ ಬಂದೂಕಿನ ಮಾತಾಡುವುದು ಸರಿಯಲ್ಲ ಎಂದು ಹುಡುಗಿ ಸುಮ್ಮನಾದಳು.

ಎರಡನೆಯ ವಾರಕ್ಕೆ ಅವಳಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಜಮಖಂಡಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ದೊಡ್ಡಕ್ಷರ ಸಣ್ಣಕ್ಷರ ಎಲ್ಲ ಓದಿಸಿ, "ಈ ಹುಡುಗಿ ಕಣ್ಣಿಗೆ ಏನೂ ಆಗಿಲ್ರಿ. ಗ್ವಾಡಿ ಮ್ಯಾಲಿನ ಇರುವಿ ಎಣಸ್ತಾಳ" ಎಂದು ಕಳಿಸಿದರು. ಡಾಕ್ಟರಿಗೆ ಸಿಗದ ಬೇನೆ ಎಂದ ಮೇಲೆ ಅದು ದೃಷ್ಟಿಯೇ ಎಂದು ನನ್ನ ತೀರ್ಪಾಯಿತು. ಶೆಡ್ಡಿಗೆ ಹೋಗಿ ಹುಡುಗಿಗೊಮ್ಮೆ ಬಂದೂಕಿಗೊಮ್ಮೆ ಉಪ್ಪು ಮೆಣಸಿನಕಾಯಿ ಇಳಿಸಿ ಕೆಂಡಕ್ಕೆ ಹಾಕಿದೆ. ಮುಚ್ಚಿದ ಶೆಡ್ಡು, ಬ್ಯಾಡಗಿಯಲ್ಲ, ಖಾರದ ಜವಾರಿ ಮೆಣಸಿನಕಾಯಿ. ಗುರಿ ಹೊಡೆಯಲು ಬಂದ ಹುಡುಗರೆಲ್ಲ ಕೆಮ್ಮುತ್ತ ಹೊರಗೆ ಓಡಿದರು. ಇಷ್ಟು ಘಾಟು ಎದ್ದಿತೆಂದರೆ ದೃಷ್ಟಿ ಎಷ್ಟು ತಾಗಿರಬೇಕು ಎಂದು ನಾನು ಎಲ್ಲರಿಗೂ ತಿಳಿಸಿ ಹೇಳಿದೆ.

ಮೂರನೆಯ ವಾರ ಪಲ್ಲವಿ ಬಂದೂಕನ್ನು ಹೊದಿಕೆಯಲ್ಲಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದಳು.

"ಆಯಿ, ಮಾಸ್ತರ ಬಂದ ಕೂಡ್ಲೆ ಇದನ್ನ ಕೊಟ್ಟಬಿಡತೇನಿ. ಮುಧೋಳಕ್ಕ ಹೋಗಿ ಮಂದಿ ಮುಂದ ಯಾಕ ನಗಿಗೇಡ ಆಗಬೇಕ?"

"ಕೊಡೂದ ಇದ್ರ ಕೊಡು. ಕೊಡೂಕ್ಕಿಂತ ಮೊದಲ ಅವರನ್ನೊಮ್ಮೆ ಕೇಳ ಬೇ. ಬಾಣಂತಿ ಎದ್ದ ಅಡ್ಡಾಡಾಕತ್ತಿರತಾಳ ಈಗ."

ಅವಳು ಫೋನು ಹಚ್ಚಿದಳು. ನನಗೂ ಕೇಳಲಿ ಎಂದು ಸ್ಪೀಕರು ಹಾಕಿಸಿದೆ. ಕೂಸಿನ ಅಳುವಿನ ನಡುವೆ ಮಾಸ್ತರು ಎಲ್ಲ ಕೇಳಿಸಿಕೊಂಡು, ಬಂದೂಕನ್ನು ಉಸುಕಿನ ಚೀಲದ ಮೇಲೆ ಇಡಲು ಹೇಳಿದರು. ಶೆಡ್ಡಿಗೆ ಹೋಗಿ ಹಾಗೆಯೇ ಇಟ್ಟೆವು.

"ಈಗ ಬಂದೂಕ ಮುಟ್ಟಬ್ಯಾಡ. ಬರೇ ಕಣ್ಣಿಟ್ಟು ತಲಿ ಮ್ಯಾಲ ಕೆಳಗ, ಆ ಕಡಿ ಈ ಕಡಿ ಆಡಸು. ಪ್ಲಸ್ ಗೆರಿ ಹಲಗಿ ಮ್ಯಾಲ ಸರದಾಡತೈತೇನ ನೋಡು."

"ಸರದಾಡಾಕತ್ತೈತ್ರಿ ಸರ್. ಬಂದೂಕ ಅಲ್ಲೇ ಐತಿ, ಗೆರಿ ಮಾತ್ರ ನನ್ನ ತಲಿ ಸಂಗಾಟ ತಿರಗತೈತಿ."

"ಮುಂದಿನ ಬಳಿ ಎಷ್ಟರ ಮ್ಯಾಲೈತಿ?"

ಪಲ್ಲವಿ ಬಗ್ಗಿ ನೋಡಿದಳು. "ಅಡ್ಡ ಮಲಗಿದ ಎಂಟರ ಮ್ಯಾಲ ಐತ್ರಿ."

ಆ ಕಡೆ ಕೂಸು ಕೂಡ ಅಳು ನಿಲ್ಲಿಸಿತು. "ನಾ ಅದನ್ನ ಹತ್ತರ ಮ್ಯಾಲ ಇಟ್ಟಿದ್ನೆಲ್ಲ. ಆ ಎಂಟು ಅಂದ್ರ ಲೆಕ್ಕ ಇಲ್ಲದಷ್ಟ ದೂರ ಅಂತ. ಹತ್ತ ಮೀಟರ್ ಹಲಗಿಗೆ ಚಂದ್ರನ್ನ ಹೊಡಿಯೂ ಅಷ್ಟ ದೂರ ಇಟ್ಟಾರ. ಯಾರ ಮುಟ್ಟಿದ್ರ ಅದನ್ನ?"

ಇಲ್ಲಿ ಸುಮ್ಮನಿದ್ದರೆ ನಡೆಯುತ್ತಿತ್ತು. ಆದರೆ ಹುಡುಗಿ ಮೂರು ವಾರ ಕನ್ನಡಿಯ ಮುಂದೆ ನಿಂತು ತನ್ನ ಕಣ್ಣುಗಳನ್ನು ಅಗಲಿಸಿ ನೋಡಿಕೊಳ್ಳುತ್ತಿದ್ದುದು ನೆನಪಾಯಿತು. "ನಾನ್ರಿ ಮಾಸ್ತರ. ದೇವರ ಕಣ್ಣ ಅಂತ ತಿಳಕೊಂಡು ಪೂಜಿಗೆ ಎದುರಿಗೆ ಮಾಡಿದ್ನಿ" ಎಂದೆ. ಮಾಸ್ತರು ನಗಬಾರದೆಂದು ಬಹಳ ಕಷ್ಟಪಟ್ಟರು. ಪಲ್ಲವಿ ನಗಲಿಲ್ಲ. "ಮೂರ ವಾರ ನನ್ನ ಕಣ್ಣಿಗೆ ನಾನ ಬೈಕೋತ ಕುಂತಿದ್ನಿ, ಆಯಿ" ಎಂದಳು ಅಷ್ಟೆ. ಅವಳು ಜಗಳ ತೆಗೆದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಪಂದ್ಯಕ್ಕೆ ಉಳಿದದ್ದು ಒಂಬತ್ತು ದಿನ. ಈ ಒಂಬತ್ತು ದಿನ ನಾನು ನಿನ್ನ ಆಳು ಎಂದು ಅವಳಿಗೆ ಮಾತು ಕೊಟ್ಟೆ.

ಆಳಾದವಳಿಗೆ ಕೆಲಸ ತಿಳಿದಿರಬೇಕಲ್ಲ. ತಲೆ ಆಡಿಸಿದರೆ ಗೆರೆ ಯಾಕೆ ಆಡುತ್ತದೆ ಎಂದು ಮಾಸ್ತರನ್ನು ಕೇಳಿದೆ. ಅದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ, ಹಲಗೆಯ ಚಿತ್ರ ಒಂದು ಕಡೆ, ಗೆರೆ ಇನ್ನೊಂದು ಕಡೆ ಇದ್ದರೆ ಹಾಗಾಗುತ್ತದೆ ಎಂದರು. ಹೆಸರು ತಿಳಿಯಲಿಲ್ಲ, ರೋಗ ತಿಳಿಯಿತು. ಈ ರೋಗ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಇತ್ತು. ನಮ್ಮ ಹಳೆಯ ಗೋಡೆ ಗಡಿಯಾರದ ಎಡಕ್ಕೆ ನಮ್ಮತ್ತೆಯ ಮಂಚ, ಬಲಕ್ಕೆ ನನ್ನ ಅಡುಗೆಮನೆಯ ಬಾಗಿಲು. ಅತ್ತೆಗೆ ಸಂಜೆ ಆರಕ್ಕೆ ಸರಿಯಾಗಿ ಚಹಾ ಬೇಕು. ನಾನು ಬಾಗಿಲಿಂದ ಇಣುಕಿದರೆ ಇನ್ನೂ ಆರಾಗಿರುತ್ತಿರಲಿಲ್ಲ. ಅತ್ತೆ ಮಂಚದ ಮೇಲಿಂದ ನೋಡಿದರೆ ಆಗಲೇ ಆರು ದಾಟಿರುತ್ತಿತ್ತು. "ಕಣ್ಣ ಹೋಗ್ಯಾವೇನ ನಿನಗ?" ಎಂದು ಅವರು, "ಗಡಿಯಾರ ನಿಮ್ಮ ಮುಖಾ ನೋಡಿ ಓಡತೈತಿ" ಎಂದು ನಾನು. ಒಂದು ದಿನ ಗಾಜು ಒರೆಸಲು ಗಡಿಯಾರ ಇಳಿಸಿದಾಗ ಕಂಡಿತು: ಮುಳ್ಳಿಗೂ ಅಂಕಿ ಬರೆದ ತಟ್ಟೆಗೂ ನಡುವೆ ಒಂದು ಬೆರಳಿನಷ್ಟು ಸಂದು. ಎಡದಿಂದ ನೋಡಿದರೆ ಮುಳ್ಳು ಮುಂದೆ, ಬಲದಿಂದ ನೋಡಿದರೆ ಹಿಂದೆ. ಇಬ್ಬರೂ ಖರೆ ಹೇಳುತ್ತಿದ್ದೆವು. ಆದರೆ ಇಬ್ಬರೂ ಖರೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಜಗಳ ಮುಂದುವರಿಸುವುದು ಇಬ್ಬರಿಗೂ ಹಿತವಾಗಿತ್ತು.

ಪಲ್ಲವಿಗೆ ಇದನ್ನೇ ಹೇಳಿದೆ. ಅವಳಿಗೆ ಗಡಿಯಾರ ಹಿಡಿಸಲಿಲ್ಲ, ಅವಳು ಹುಟ್ಟಿದ್ದೇ ಫೋನಿನಲ್ಲಿ ಹೊತ್ತು ನೋಡುವ ಕಾಲದಲ್ಲಿ. ಆಗ ಒಂದು ತುಂಡು ಪಂಚೆಯ ಬಟ್ಟೆ ತಂದು, ಮೇಲೆ ಒಂದು ಕರಿ ಎಳೆಯನ್ನು ಎತ್ತಿ ಹಿಡಿದೆ. "ತಲಿ ಸರಸಿ ನೋಡು. ಎಳಿ ಬಟ್ಟಿ ಮ್ಯಾಲ ಸರದಾಡತೈತೆಲ್ಲ?" ಸರಿದಾಡಿತು. ಆಮೇಲೆ ಅಂಚಿನಲ್ಲಿ ನೇಯ್ದ ಕರಿ ಎಳೆ ತೋರಿಸಿದೆ. "ಇದು? ಹೆಂಗರ ನೋಡು, ಇದ್ದಲ್ಲೇ ಇರತೈತಿ. ನಿನ್ನ ಪ್ಲಸ್ ಗೆರಿ ಹಲಗಿಯೊಳಗ ನೇದಂಗ ಆಗೂ ತನಕ ಬಳಿ ತಿರುವಬೇಕು." ಆವಾಗ ಅವಳ ಮುಖ ಅರಳಿತು. ಮೂರು ವಾರದ ಮೇಲೆ ಅರಳಿದ ಮುಖ ಅದು, ನಾನು ನೋಡುತ್ತಲೇ ಕೂತೆ.

ಮಾಸ್ತರು ಫೋನಿನಲ್ಲಿ ಹೇಳಿದ ಕ್ರಮದಂತೆ ಕೆಲಸ ಶುರುವಾಯಿತು. ಮೊದಲು ಹಿಂದಿನ ಬಳೆ. ಹಲಗೆಯನ್ನು ನೋಡಲೇಬಾರದು, ಬಿಳಿಯ ಬಯಲನ್ನು ನೋಡಿ ಗೆರೆಯನ್ನಷ್ಟೇ ಸ್ವಚ್ಛ ಮಾಡಿಕೊಳ್ಳಬೇಕು. ಬಿಳಿಯ ಬಯಲಿಗೆ ನಮ್ಮಲ್ಲೇನು ಬರ? ಮಗ್ಗದಿಂದ ಆಗಷ್ಟೇ ಇಳಿಸಿದ ಪಂಚೆಯನ್ನು ನಾನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತೆ, ಬಂದೂಕಿನೊಳಗೆ ಛರ್ರೆ ಇಲ್ಲವೆಂದು ಎರಡು ಸಲ ತೆರೆಸಿ ನೋಡಿದ ಮೇಲೆಯೇ. ದಿಟ್ಟಿಸಿ ನೋಡುತ್ತ ಕೂತರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದಂತೆ. ಅದಕ್ಕೆ ಆಚೆ ನೋಡಿ, ಥಟ್ಟನೆ ಒಮ್ಮೆ ಒಳಗೆ ನೋಡಿ, ಗೆರೆ ಆ ಕ್ಷಣಕ್ಕೆ ಕಡ್ಡಿಯಂತೆ ಕಂಡರೆ ಸರಿ. ಅದು ಸರಿಯಾದ ಮೇಲೆ ಹಿಂದಿನ ಬಳೆಗೆ ಕೈ ಮುಗಿದು ಬಿಡಬೇಕು. ಇನ್ನು ದೂರ ಹತ್ತಿರ ಏನಿದ್ದರೂ ಮುಂದಿನ ಬಳೆಯ ಪಾಲು. ಹಲಗೆ ಸ್ವಚ್ಛ ಕಾಣುವವರೆಗೆ ತಿರುವುವುದು, ಆಮೇಲೆ ತಲೆ ಆಡಿಸಿ ನೋಡುವುದು, ಗೆರೆ ಆಡಿದರೆ ಕೂದಲೆಳೆಯಷ್ಟು ಮತ್ತೆ ತಿರುವುವುದು.

ಮುಧೋಳದಲ್ಲಿ ಹತ್ತು, ಇಪ್ಪತ್ತು, ಮೂವತ್ತು ಮೀಟರಿಗೆ ತಗಡಿನ ಬಿಲ್ಲೆಗಳು. ದೂರ ಬದಲಾದಾಗಲೆಲ್ಲ ಬಳೆ ತಿರುವಬೇಕು. ಬಳೆಯ ಮೇಲೆ ಅಚ್ಚು ಹಾಕಿದ ಅಂಕಿಗಳು ಅಂದಾಜಿನವು ಎಂದು ಪರೀಕ್ಷೆ ಮಾಡಿದಾಗ ತಿಳಿಯಿತು. ಇಪ್ಪತ್ತರ ಮೇಲೆ ಇಟ್ಟರೂ ಗೆರೆ ಒಂಚೂರು ಆಡುತ್ತಿತ್ತು. ನಾನು ಕೆಂಪು, ಹಸಿರು, ಹಳದಿ ನೂಲಿನ ಅಕ್ಕಿಕಾಳಿನಷ್ಟು ತುಂಡುಗಳನ್ನು ಗೋಂದಿನಿಂದ ಅಂಟಿಸಿ ನಮ್ಮದೇ ಗುರುತು ಮಾಡಿದೆ. ತಿರುವುವಾಗಲೂ ಒಂದೇ ಕಡೆಯಿಂದ, ಆ ಎಂಟಿನ ಕಡೆಯಿಂದಲೇ, ಬರಬೇಕು, ಹಿಂದೆ ಮುಂದೆ ಎಳೆದಾಡಿದರೆ ಬಳೆಯ ಸಡಿಲು ಸೇರಿಕೊಂಡು ಗುರುತು ತಪ್ಪುತ್ತದೆ. ದೂರಕ್ಕೆ ತಕ್ಕಂತೆ ಎಷ್ಟು ಮೇಲೆ ಹಿಡಿದು ಹೊಡೆಯಬೇಕು ಎಂಬುದು ಬೇರೆ ವಿದ್ಯೆ. ಅದು ಹುಡುಗಿಗೆ ಮೊದಲೇ ಬರುತ್ತಿತ್ತು, ನಾನು ಅದಕ್ಕೆ ಕೈ ಹಾಕಲಿಲ್ಲ. ನಾನು ಕೈ ಹಾಕದೆ ಬಿಟ್ಟ ವಸ್ತುಗಳಲ್ಲಿ ಅದು ಮೊದಲನೆಯದು ಎಂದು ನನ್ನ ಸೊಸೆ, ಪಲ್ಲವಿಯ ತಾಯಿ, ಹೇಳುತ್ತಾಳೆ.

ಪಂದ್ಯದ ದಿನ ಮಹಾದೇವನಿಗೆ ಮಗ್ಗ ಬಿಟ್ಟು ಬರಲಾಗಲಿಲ್ಲ. ನಾನೂ ಪಲ್ಲವಿಯೂ ಬಸ್ಸು ಹತ್ತಿದೆವು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ದಾರಿ ತುಂಬ ತೆವಳುತ್ತಿದ್ದವು. ನಮ್ಮ ಬಸ್ಸು ಅವುಗಳ ಹಿಂದೆ ದಿಬ್ಬಣದಂತೆ ನಡೆಯಿತು. ನಾನು ಹೊತ್ತಾಯಿತು ಎಂದು ಚಡಪಡಿಸುತ್ತಿದ್ದರೆ, ಹುಡುಗಿ ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಣ್ಣಗೆ ಕೂತಿದ್ದಳು. ಮುಧೋಳದ ಮೈದಾನದಲ್ಲಿ ನೋಡಿದರೆ ಒಬ್ಬೊಬ್ಬ ಹುಡುಗನ ದುರ್ಬೀನೂ ನಮ್ಮ ಮನೆಯ ಲಟ್ಟಣಿಗೆಗಿಂತ ದೊಡ್ಡದು. ನಮ್ಮದರ ಮೇಲೆ ಬಣ್ಣದ ನೂಲಿನ ತುಣುಕು. ಯಾರೋ ನೋಡಿ ನಕ್ಕರು ಕೂಡ.

ಪಲ್ಲವಿಯ ಸರದಿ ಬಂತು. ಹೊಡೆಯುವ ಮೊದಲು ಬಂದೂಕನ್ನು ಚೀಲದ ಮೇಲಿಟ್ಟು, ಪಾರಿವಾಳದಂತೆ ತಲೆ ಮೇಲೆ ಕೆಳಗೆ ಆಡಿಸಿದಳು. ನನ್ನ ಪಕ್ಕದಲ್ಲಿ ಚಿಮ್ಮಡದಿಂದ ಮಗನನ್ನು ಕರೆತಂದ ಒಬ್ಬ ರೈತ ಕೂತಿದ್ದ. "ಏನ್ರಿ ಯಮ್ಮಾ, ಆ ಹುಡುಗಿ ಬಂದೂಕಿಗೆ ಹೂಂ ಅಂತಾಳೋ ಊಹೂಂ ಅಂತಾಳೋ?" ಎಂದ. ಅವನಿಗೆ ನಮ್ಮತ್ತೆಯ ಗಡಿಯಾರದಿಂದ ಶುರುಮಾಡಿ ಪಂಚೆಯ ಅಂಚಿನವರೆಗೆ ಎಲ್ಲ ಹೇಳಿದೆ. ಅಷ್ಟರಲ್ಲಿ ಹತ್ತು ಮೀಟರಿನ ಐದು ಬಿಲ್ಲೆಗಳೂ ಬಿದ್ದಿದ್ದವು. ಬಳೆ ಹಸಿರಿಗೆ ಬಂತು, ತಲೆ ಆಡಿತು, ಇಪ್ಪತ್ತರ ಐದೂ ಬಿದ್ದವು. ಇಪ್ಪತ್ತರಿಂದ ನೇರವಾಗಿ ಮೂವತ್ತಕ್ಕೆ ಹೋದಾಗ ಮೊದಲನೆಯದು ತಪ್ಪಿತು. ಛರ್ರೆ ಎಲ್ಲಿ ಹೋಯಿತೋ, ಬಿಲ್ಲೆ ಅಲ್ಲಾಡಲಿಲ್ಲ. ಇನ್ನೂ ಒಂದೆರಡು ತಪ್ಪಿದರೆ ಮೊದಲ ಮೂವರಲ್ಲಿ ಜಾಗವಿಲ್ಲ, ಬಂದೂಕು ಬೇರೆ ಮನೆಗೆ. ಪಲ್ಲವಿ ಅವಸರ ಮಾಡಲಿಲ್ಲ. ಬಂದೂಕನ್ನು ಚೀಲದ ಮೇಲಿಟ್ಟು ಮತ್ತೆ ತಲೆ ಆಡಿಸಿದಳು, ನಿಂತಳು, ಇನ್ನೊಮ್ಮೆ ಆಡಿಸಿದಳು. ಗೆರೆ ಸರಿದಾಡುತ್ತಿದೆ ಎಂದು ಅವಳ ಹೆಗಲು ನೋಡಿಯೇ ನನಗೆ ತಿಳಿಯಿತು. ಬಳೆಯನ್ನು ಪೂರ್ತಿ ಹಿಂದಕ್ಕೆ, ಅಡ್ಡ ಮಲಗಿದ ಆ ಎಂಟರವರೆಗೆ ಒಯ್ದು, ಅಲ್ಲಿಂದ ಒಂದೇ ಕಡೆಗೆ ಮೆಲ್ಲಗೆ ಹಳದಿಗೆ ತಂದಳು. ತಲೆ ಆಡಿಸಿದಳು. ಈ ಸಲ ಹೆಗಲು ಇಳಿಯಿತು. ಆಮೇಲೆ ಉಳಿದ ನಾಲ್ಕು ಬಿಲ್ಲೆಗಳು ಒಂದರ ಹಿಂದೆ ಒಂದು ಠಣ್ಣೆಂದು ಮಲಗಿದವು.

ಹದಿನೈದರಲ್ಲಿ ಹದಿನಾಲ್ಕು. ಮೊದಲ ಮೂವರೊಳಗೆ ಎಂದರೆ ಸಾಕಿತ್ತು, ಮೊದಲನೆಯವಳೇ ಆದಳು. ಚಿಮ್ಮಡದ ರೈತ ತನ್ನ ಮಗನ ತಲೆಗೆ ಮೊಟಕಿ, "ನೋಡಲೇ, ಹಂಗ ತಲಿ ಆಡಸಬೇಕು" ಎಂದ. ಪದಕ ಹಾಕಿಸಿಕೊಂಡು ಬಂದವಳು ಅದನ್ನು ತೆಗೆದು ನನ್ನ ಕೊರಳಿಗೆ ಹಾಕಿ, "ಒಂಬತ್ತ ದಿನದ ಆಳಿಗೆ ಪಗಾರ" ಎಂದಳು. ನಾನು ಅದನ್ನು ತೆಗೆಯದೆ ಬಸ್ಸು ಹತ್ತಿದೆ. ಕಂಡಕ್ಟರ್ ಕೇಳಲಿಲ್ಲ, ಆದರೂ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಲಿಲ್ಲ, ಅವರ ಹೆಗಲು ತಟ್ಟಿ ಹೇಳಿದೆ. ಬನಹಟ್ಟಿಯಲ್ಲಿ ಇಳಿದು ಮನೆಗೆ ಹೋಗುವ ಹತ್ತು ನಿಮಿಷದ ದಾರಿಗೆ ಒಂದೂವರೆ ತಾಸು ಹಿಡಿಯಿತು. ಕರೆಂಟು ಇದ್ದಾಗ ಸತ್ತವರ ಮನೆಗೂ ಮಗ್ಗ ನಿಲ್ಲಿಸಿ ಹೋಗದ ನನ್ನ ಮಗ, ಪದಕ ನೋಡಿ ನಾಲ್ಕೂ ಮಗ್ಗ ಬಂದ್ ಮಾಡಿದ. ಆ ಖಟಖಟ ನಿಂತಾಗ ಓಣಿಯವರೆಲ್ಲ ಏನಾಯಿತೋ ಎಂದು ಹೊರಗೆ ಬಂದರು. ಬಂದವರಿಗೆಲ್ಲ ಪೇಢೆ ಕೊಟ್ಟು, ಮೊದಲಿಂದ ಮತ್ತೆ ಹೇಳಿದೆ.

ಮಾಸ್ತರು ಮಿರಜಿನಿಂದ ಬಂದ ಭಾನುವಾರ ನನ್ನನ್ನು ಶೆಡ್ಡಿಗೆ ಕರೆಸಿದರು. ಮಕ್ಕಳೆಲ್ಲ ಸಾಲಾಗಿ ಕೂತಿದ್ದರು. "ಅಕ್ಕಾರ, ಇವರಿಗೆ ಪ್ಯಾರಲಾಕ್ಸ್ ಅಂದ್ರೇನಂತ ನಿಮ್ಮ ಮಾತಿನ್ಯಾಗ ಹೇಳ್ರಿ" ಎಂದರು. ನಾನು ಪಂಚೆ, ಕರಿ ಎಳೆ ಎಲ್ಲ ತೆಗೆದುಕೊಂಡೇ ಹೋಗಿದ್ದೆ. ಪಾಠ ಮುಗಿಯುವಷ್ಟರಲ್ಲಿ ಇಬ್ಬರು ಮಕ್ಕಳು ಊಟಕ್ಕೆ ಹೋಗಿ ಬಂದಿದ್ದರು. ಆಮೇಲೆ ಮಾಸ್ತರು, "ಇಷ್ಟೆಲ್ಲಾ ಬಲ್ಲವರು ನೀವೂ ಒಂದ ಹೊಡೀರಿ ನೋಡೂಣು" ಎಂದರು. ಹತ್ತೇ ಮೀಟರಿಗೆ, ಜೋಳದ ರೊಟ್ಟಿಯಷ್ಟು ಅಗಲದ ಬಿಲ್ಲೆ. ನಾನು ಕಣ್ಣಿಟ್ಟೆ. ಗೆರೆ ಕಡ್ಡಿಯಂತೆ ಸ್ವಚ್ಛ. ಬಿಲ್ಲೆ ಅಂಗೈಯಷ್ಟು ಹತ್ತಿರ. ತಲೆ ಆಡಿಸಿದೆ, ಗೆರೆ ನೇಯ್ದಿಟ್ಟಂತೆ ಕೂತಿತ್ತು. ಇನ್ನು ತಪ್ಪುವುದಕ್ಕೆ ಏನೂ ಉಳಿದಿರಲಿಲ್ಲ. ಮಕ್ಕಳಿಗೆ ಒಂದೊಂದನ್ನೂ ವಿವರಿಸುತ್ತ ಬಂದೂಕಿನ ಕುದುರೆ ಒತ್ತಿದೆ. ಛರ್ರೆ ಬಿಲ್ಲೆಯಿಂದ ಎರಡು ಗೇಣು ಆಚೆ, ಹಲಗೆಯ ಕಾಲಿಗೆ ಬಡಿಯಿತು.

"ಬಳಿ ಯಾರರ ತಿರುವ್ಯಾರೇನ ನೋಡ ಬೇ" ಎಂದೆ.

"ಬಳಿ ಇದ್ದಲ್ಲೇ ಐತಿ, ಆಯಿ" ಎಂದಳು ಪಲ್ಲವಿ. "ನಿನ್ನ ಬಾಯಿ ಆಡಾಕತ್ತೈತಿ. ಬಾಯಿ ಆಡಿದ್ರ ಗಲ್ಲ ಆಡತೈತಿ, ಗಲ್ಲ ಆಡಿದ್ರ ಬಂದೂಕ ಆಡತೈತಿ. ಒಂದ ಸಲ ಸುಮ್ನಿದ್ದು ಹೊಡಿ."

ಸುಮ್ಮನಿದ್ದು ಎರಡನೆಯದಕ್ಕೆ ಕೂತೆ. ತುಟಿ ಬಿಗಿದೆ, ಉಸಿರು ಹಿಡಿದೆ, ಗೆರೆ ಬಿಲ್ಲೆಯ ನಟ್ಟನಡುವೆ ನಿಂತಿತು. ಆಗಲೇ ನಾನು ಮಕ್ಕಳಿಗೆ ಹಿಂದಿನ ಬಳೆಯ ವಿಷಯದಲ್ಲಿ ಒಂದು ಮುಖ್ಯವಾದ ಮಾತು ಹೇಳುವುದು ಬಿಟ್ಟಿದ್ದೇನೆ ಎಂದು ನೆನಪಾಯಿತು. ಅದನ್ನು ಹೇಳಿದೆ. ಛರ್ರೆ ಹಲಗೆಯ ಇನ್ನೊಂದು ಕಾಲಿಗೆ ಬಡಿಯಿತು.

ಮೂರನೆಯದಕ್ಕೆ ಕೂಡಲಿಲ್ಲ. ಬಂದೂಕನ್ನು ಮೊಮ್ಮಗಳಿಗೆ ಕೊಟ್ಟು, ಮನೆಗೆ ಬಂದು, ಅವಳ ಹಳೆಯ ನೋಟ್‌ಬುಕ್ಕೂ ಪೆನ್ನೂ ಹಿಡಿದು ಕೂತೆ. ಬಾಯಿ ಮುಚ್ಚಿಕೊಂಡು ಇಷ್ಟು ಮಾತಾಡಲು ನನಗೆ ಸಿಕ್ಕ ದಾರಿ ಇದೊಂದೇ.